ಮಗ್ಗವೂ ಮಗ್ಗಿಯೂ

ವೈದ್ಯವನ್ನು ಓದುವವರನ್ನು ಕಂಡು 'ಇದನ್ನೇಕೆ ಓದುತ್ತೀರಿ?' ಎಂದು ಯಾರೂ ಕೇಳುವುದಿಲ್ಲ. ಕಾನೂನನ್ನು ಓದುವವರನ್ನು ಕೇಳುವವರೂ ವಿರಳ. ಗಣಿತವನ್ನು ಮುಖ್ಯ ವಿಷಯವಾಗಿ ಹಿಡಿದು ವಿಶ್ವವಿದ್ಯಾನಿಲಯದ ಪದವಿಗಾಗಿ ವ್ಯಾಸಂಗ ಮಾಡುವವರಿಗೆ ಮಾತ್ರ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆಯ ಚಪ್ಪರದಲ್ಲಿ, ಬಸ್ಸಿನ ಪೀಠದಲ್ಲಿ, ಘಾಟಿಯ ಜಾತ್ರೆಯ ಜನಸಂದಣಿಯಲ್ಲಿ, ಎಲ್ಲಿ ಯಾರು ಸಿಕ್ಕಿದರೂ ಕುಶಲಪ್ರಶ್ನೆಯ ಬೆನ್ನಿಗೆ ಇದು ಬಂದೇ ಬರುತ್ತದೆ. ಕೇಳುವವರಲ್ಲಿ ದುರುದ್ದೇಶವೇನೂ ಇಲ್ಲ. ಅವರು ಕಂಡ ಗಣಿತ ಶಾಲೆಯ ಗಣಿತ. ಮಗ್ಗಿ, ಬಡ್ಡಿ, ಲಾಭ ನಷ್ಟ, ಹತ್ತು ಆಳು ಎಂಟು ದಿನದಲ್ಲಿ ಮಾಡುವ ಕೆಲಸ. ಇಷ್ಟನ್ನು ಕಲಿತಮೇಲೆ ಇನ್ನೂ ಮೂರು ವರ್ಷ ಕುಳಿತು ಕಲಿಯುವುದಕ್ಕೆ ಅದರಲ್ಲಿ ಏನು ಉಳಿದಿದೆ ಎಂಬುದು ಅವರ ಸಹಜವಾದ ಸಂದೇಹ. ಆ ಸಂದೇಹಕ್ಕೆ ಉತ್ತರವಾಗಿ ಒಂದು ಮನೆಯ ವೃತ್ತಾಂತವನ್ನು ಹೇಳಿದರೆ ಸಾಕಾದೀತು.

ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ಆ ಮನೆ. ಮುಂದಿನ ಅಂಕಣದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು, ಹಿಂದೆ ಅಡಿಗೆಯ ಮನೆ, ಎರಡರ ನಡುವಣ ಗೋಡೆಗೆ ಒರಗಿಸಿದ ಒಂದು ಹಳೆಯ ಮೇಜು. ಬೆಳಗಿನಿಂದ ರಾತ್ರಿಯವರೆಗೆ ಲಾಳಿಯ ಸದ್ದು ನಿಂತದ್ದೇ ಇಲ್ಲ. ವಿದ್ಯುಚ್ಛಕ್ತಿ ನಿಂತಾಗ ಮಾತ್ರ ಮನೆಗೆ ಮೌನ. ಮನೆಯ ಹಿರಿಯರು ನೆಲದ ಗುಣಿಯಲ್ಲಿ ಕಾಲಿಳಿಬಿಟ್ಟು ಕೈಮಗ್ಗ ನೇಯ್ದವರು. ಅವರ ಮಗ ಕೈಮಗ್ಗವನ್ನು ತೆಗೆದು ವಿದ್ಯುತ್ ಮಗ್ಗವನ್ನು ಹಾಕಿದವನು. ಮೊಮ್ಮಗಳು ಆ ಮೇಜಿನ ಮುಂದೆ ಕುಳಿತು ಬೆಳೆದವಳು. ಅಂಚಿಗೆ ಎಷ್ಟು ಎಳೆ, ಒಡಲಿಗೆ ಎಷ್ಟು ಎಳೆ, ಒಂದು ಬುಟ್ಟದಿಂದ ಮತ್ತೊಂದು ಬುಟ್ಟಕ್ಕೆ ಎಷ್ಟು ಅಂತರ ಎಂಬ ಲೆಕ್ಕಗಳು ಅವಳಿಗೆ ಮಾತಿನೊಡನೆಯೇ ಬಂದವು. ಊರಿನ ಕನ್ನಡ ಶಾಲೆಯಲ್ಲಿ ಓದಿ, ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ಅಂಕಗಳನ್ನು ತೆಗೆದುಕೊಂಡಾಗ, ಮಗ್ಗದ ಮನೆಯ ಹುಡುಗಿಗೆ ಮಗ್ಗಿ ಬಾರದೆ ಇನ್ನಾರಿಗೆ ಬಂದೀತು ಎಂದು ಬೀದಿಯೆಲ್ಲ ಹೇಳಿತು. ಇಂಜಿನಿಯರಿಂಗಿಗೆ ಬೇಕಾದಷ್ಟು ಹಣ ಆ ಮನೆಯಲ್ಲಿ ಇರಲಿಲ್ಲ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ ಎಂಬ ಮೂರು ವಿಷಯಗಳನ್ನು ಹಿಡಿದು ಬಿ.ಎಸ್‌ಸಿ. ತರಗತಿಗೆ ಸೇರಿದಳು. ಆಗ ಅದು ಮೂರು ವರ್ಷ, ಆರು ಸೆಮಿಸ್ಟರುಗಳ ವ್ಯಾಸಂಗ. 2021ರಲ್ಲಿ ಕರ್ನಾಟಕವು ನಾಲ್ಕು ವರ್ಷದ ಪದ್ಧತಿಯನ್ನು ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಹಿಂದಿರುಗಿದ್ದು ಆಮೇಲಿನ ಮಾತು.

ಕಾಲೇಜು ಇದ್ದದ್ದು ಬೆಂಗಳೂರಿನಲ್ಲಿ. ಸುಮಾರು 40 ಕಿಲೋಮೀಟರುಗಳ ದಾರಿ. ರಾಜಾನುಕುಂಟೆ, ಯಲಹಂಕಗಳನ್ನು ದಾಟಿ ಬಸ್ಸು ಪೇಟೆಯನ್ನು ಸೇರುವಷ್ಟರಲ್ಲಿ ಹಿಂದಿನ ದಿನದ ಪಾಠವನ್ನು ಎರಡು ಸಲ ತಿರುವಿಹಾಕಬಹುದು. ಅವಳು ನಿತ್ಯ ನಡೆಯುವ ದಾರಿಯಲ್ಲಿ ಸೆಂಟ್ರಲ್ ಕಾಲೇಜಿನ ಹಳೆಯ ಕಟ್ಟಡ ಸಿಕ್ಕುತ್ತಿತ್ತು. 1858ರಲ್ಲಿ ಬೆಂಗಳೂರು ಹೈಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾಗಿ, 1875ರಲ್ಲಿ ಸೆಂಟ್ರಲ್ ಕಾಲೇಜೆನಿಸಿಕೊಂಡು, ಮೊದಲು ಮದರಾಸು ವಿಶ್ವವಿದ್ಯಾನಿಲಯಕ್ಕೂ, 1916ರಿಂದ ಮೈಸೂರು ವಿಶ್ವವಿದ್ಯಾನಿಲಯಕ್ಕೂ, 1964ರಿಂದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೂ ಸೇರಿದ್ದ ವಿದ್ಯಾಸ್ಥಾನವದು. ನಂದಿಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯಿಂದ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸುತ್ತ, 1881ರಲ್ಲಿ ಬಿ.ಎ. ಪದವಿಯನ್ನು ಪಡೆದದ್ದು ಅಲ್ಲಿಯೇ. 1935-36ರಲ್ಲಿ ಜರ್ಮನಿಯ ಮ್ಯಾಕ್ಸ್ ಬಾರ್ನರು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದಾಗ ಅವರ ಸಂಶೋಧನೆಯಲ್ಲಿ ಜೊತೆಗೂಡಿದ ಬಿ. ಎಸ್. ಮಾಧವರಾಯರು ಅಲ್ಲಿಯ ಗಣಿತದ ಅಧ್ಯಾಪಕರು. ರಾಮಾನುಜನ್ನರ ದಾರಿಯಲ್ಲಿ ದೀರ್ಘವೃತ್ತೀಯ ಫಲನಗಳ ಶಾಸ್ತ್ರವನ್ನು ಕಟ್ಟಿ, ಅದನ್ನು 1988ರಲ್ಲಿ, ಎಂಬತ್ತರ ವಯಸ್ಸಿನಲ್ಲಿ ಗ್ರಂಥರೂಪವಾಗಿ ಕೊಟ್ಟ ಕೆ. ವೆಂಕಟಾಚಲ ಅಯ್ಯಂಗಾರ್ಯರೂ ಅಲ್ಲಿ ಪಾಠ ಹೇಳಿದವರು. ಇವೆಲ್ಲವೂ ಆ ಹುಡುಗಿಗೆ ಮೊದಲ ವರ್ಷದಲ್ಲಿ ತಿಳಿದಿರಲಿಲ್ಲ. ಅವಳಿಗೆ ತಿಳಿದದ್ದು ಒಂದೇ: ಶಾಲೆಯಲ್ಲಿ ತನಗೆ ಬಂದಿದ್ದ ಗಣಿತ ಇದಲ್ಲ.

ಮೊದಲನೆಯ ತೊಡಕು ಭಾಷೆಯದು. ಕನ್ನಡದಲ್ಲಿ ಕಲಿತ ಮಾತುಗಳೆಲ್ಲ ಅಲ್ಲಿ ಕೆಲಸಕ್ಕೆ ಬಾರದೆ ಹೋದವು. ಗಣ ಸೆಟ್ಟಾಯಿತು, ಅವಕಲನ ಡಿಫರೆನ್ಸಿಯೇಷನ್ ಆಯಿತು. ಅರ್ಥವಾಗದಿದ್ದಾಗ, ಅರ್ಥವಾಗದೆ ಹೋದದ್ದು ಗಣಿತವೋ ಇಂಗ್ಲಿಷೋ ಎಂಬುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತವರು ತಲೆದೂಗುವುದನ್ನು ಕಂಡು ತಾನೂ ತಲೆದೂಗಿದಳು. ಇಂತಹ ತಲೆದೂಗುವಿಕೆಯಿಂದ ಕೆಟ್ಟ ವಿದ್ಯಾರ್ಥಿಗಳು ಎಷ್ಟು ಮಂದಿಯೋ! ಕನ್ನಡಕ್ಕೆ ಗಣಿತ ಹೊಸದೆಂದು ಮಾತ್ರ ಯಾರೂ ಭಾವಿಸಬಾರದು. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಈ ನಾಡಿನಲ್ಲಿಯೇ ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಎಂಟು ನೂರು ವರ್ಷಗಳ ಹಿಂದೆ ಲೆಕ್ಕವನ್ನು ಹೊತ್ತ ಭಾಷೆ ಇಂದು ಅದನ್ನು ಹೊರಲಾರದೆಂಬ ಮಾತಿಗೆ ಆಧಾರವಿಲ್ಲ. ಹೊರಿಸುವವರು ಕಡಮೆ, ಅಷ್ಟೆ.

ಎರಡನೆಯ ತೊಡಕು ಹೆಚ್ಚು ಆಳವಾದುದು. ಶಾಲೆಯ ಗಣಿತದಲ್ಲಿ ಉತ್ತರವನ್ನು ಕಂಡುಹಿಡಿಯಬೇಕು. ಕಾಲೇಜಿನ ಗಣಿತದಲ್ಲಿ ಉತ್ತರವನ್ನು ಮೊದಲೇ ಹೇಳಿ, ಅದು ಹಾಗೆಯೇ ಏಕೆಂದು ಕೇಳುತ್ತಾರೆ. ಮೊದಲ ವಾರದಲ್ಲಿಯೇ ಅಧ್ಯಾಪಕರೊಬ್ಬರು ಸೊನ್ನೆಯಿಂದ ಭಾಗಿಸಬಹುದೆ ಎಂದು ಪ್ರಶ್ನಿಸಿದರು. 'ಕೂಡದು' ಎಂದು ತರಗತಿಯೆಲ್ಲ ಒಂದೇ ದನಿಯಲ್ಲಿ ಉತ್ತರಕೊಟ್ಟಿತು. 'ಕೂಡದೆಂದು ಅಪ್ಪಣೆ ಮಾಡಿದವರು ಯಾರು?' ಎಂದು ಅವರು ಮತ್ತೆ ಕೇಳಿದಾಗ ಒಬ್ಬರೂ ಬಾಯಿ ತೆರೆಯಲಿಲ್ಲ. ಅವರು ಹಳೆಯ ಆಚಾರ್ಯರ ಕಥೆಯನ್ನು ಹೇಳಿದರು. 628ರಲ್ಲಿ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಎಂದನು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಮಹಾವೀರಾಚಾರ್ಯನು ಹೇಳಿದನು. 1150ರಲ್ಲಿ ಭಾಸ್ಕರಾಚಾರ್ಯನು ಅದನ್ನು ಖಹರವೆಂದು ಕರೆದು, ಅದು ಅನಂತವೆಂದೂ, ಸೃಷ್ಟಿ ಪ್ರಳಯಗಳಲ್ಲಿ ಭಗವಂತನು ಹೇಗೆ ಅವಿಕಾರಿಯೋ ಹಾಗೆಯೇ ಅದಕ್ಕೆ ಏನನ್ನು ಕೂಡಿಸಿದರೂ ಕಳೆದರೂ ವಿಕಾರವಿಲ್ಲವೆಂದೂ ಬಣ್ಣಿಸಿದನು. ಮೂವರೂ ಮಹಾಪಂಡಿತರು, ಮೂವರ ಮಾತೂ ಬೇರೆ ಬೇರೆ. ಯಾರನ್ನು ನಂಬುವುದು?

ಅಧ್ಯಾಪಕರು ಹಲಗೆಯ ಮೇಲೆ ಎರಡು ಸಾಲು ಬರೆದರು. ಒಂದನ್ನು ಸೊನ್ನೆಯಿಂದ ಭಾಗಿಸಿ ಬರುವ ಸಂಖ್ಯೆ ಯಾವುದೋ ಒಂದು ಇದೆಯೆನ್ನಿ. ಹಾಗಾದರೆ ಆ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದಾಗ ಒಂದು ಬರಬೇಕು. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ ಬರುವುದಾದ್ದರಿಂದ ಅಂತಹ ಸಂಖ್ಯೆ ಇರಲಾರದು. ಇಷ್ಟೆ. ಯಾರ ಅಪ್ಪಣೆಯೂ ಇಲ್ಲ, ಯಾರ ನಿಷೇಧವೂ ಇಲ್ಲ. ಶಬ್ದಪ್ರಮಾಣ ಇಲ್ಲಿ ಸಲ್ಲದು. ಹೇಳಿದವರು ಎಷ್ಟು ದೊಡ್ಡವರಾದರೂ ಹೇಳಿದ್ದಕ್ಕೆ ಕಾರಣ ಬೇಕು. ಇದಿಷ್ಟೂ ಗುರುನಿಂದೆಯೆಂದು ತಿಳಿಯಬೇಕಾದುದಿಲ್ಲ. ತಪ್ಪಬಹುದಾದ ಸ್ಥಳದಲ್ಲಿಯೂ ಹೆಜ್ಜೆಯಿಟ್ಟು ನೋಡಿದ ಆ ಹಿರಿಯರ ಧೈರ್ಯವಿಲ್ಲದಿದ್ದರೆ ಈಚಿನವರಿಗೆ ಪ್ರಶ್ನೆಯೇ ಹೊಳೆಯುತ್ತಿರಲಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅದೇ ಮಹಾವೀರಾಚಾರ್ಯನು ಸಕಾರಣವಾಗಿ ಹೇಳಿದನು. ಅವನು ಬಲ್ಲ ಸಂಖ್ಯೆಗಳಲ್ಲಿ ಅದು ಇಂದಿಗೂ ಸತ್ಯ. ಮಿಶ್ರಸಂಖ್ಯೆಗಳೆಂಬ ವಿಶಾಲವಾದ ಬೇರೊಂದು ಲೋಕದಲ್ಲಿ ಆ ಮೂಲ ಉಂಟೆಂಬುದನ್ನು ಹುಡುಗಿ ಮೂರನೆಯ ವರ್ಷದಲ್ಲಿ ಕಲಿತಳು.

ಆಮೇಲೆ ಬಂದದ್ದು ಪರಿಮಿತಿಯ ವ್ಯಾಖ್ಯೆ. ಗಣಿತದ ಪದವಿಗೆ ಸೇರಿದವರು ಎಡವುವ ಹೊಸ್ತಿಲು ಇದೇ. ಇಲ್ಲಿ ಮಾತಿನ ಕ್ರಮ ಒಂದಿಷ್ಟು ಹಿಂದುಮುಂದಾದರೂ ಅರ್ಥ ಬೇರೆಯಾಗಿಬಿಡುತ್ತದೆ. ವಾಚಕರು ಈ ಎರಡು ವಾಕ್ಯಗಳನ್ನು ಪರಿಶೀಲಿಸಬಹುದು. 'ಊರಿನ ಪ್ರತಿಯೊಂದು ಮನೆಗೂ ನೀರು ಕೊಡುವ ಒಂದು ಬಾವಿ ಉಂಟು.' 'ಒಂದು ಬಾವಿ ಉಂಟು, ಅದು ಊರಿನ ಪ್ರತಿಯೊಂದು ಮನೆಗೂ ನೀರು ಕೊಡುತ್ತದೆ.' ಮೊದಲನೆಯದರಲ್ಲಿ ಮನೆಮನೆಗೆ ಬೇರೆ ಬೇರೆ ಬಾವಿ ಇರಬಹುದು. ಎರಡನೆಯದರಲ್ಲಿ ಊರಿಗೆಲ್ಲ ಒಂದೇ. ಎರಡನೆಯದು ನಿಜವಾದರೆ ಮೊದಲನೆಯದು ತಾನಾಗಿಯೇ ನಿಜ. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದು ನಿಜವಾಗಬೇಕಾಗಿಲ್ಲ. ಬಿಂದುಬಿಂದುವಿನಲ್ಲಿ ಅವಿಚ್ಛಿನ್ನವಾಗಿರುವ ಉತ್ಪನ್ನಕ್ಕೂ ಏಕರೂಪವಾಗಿ ಅವಿಚ್ಛಿನ್ನವಾಗಿರುವ ಉತ್ಪನ್ನಕ್ಕೂ ಇರುವ ಭೇದ ಈ ಬಾವಿಗಳ ಭೇದವೇ. ಆಡುಮಾತಿನಲ್ಲಿ ನಿತ್ಯವೂ ಮಸುಕಾಗಿ ಹೋಗುವ ಇಂತಹ ಭೇದವನ್ನು ಕೂದಲೆಳೆಯಷ್ಟೂ ಬಿಡದೆ ಹಿಡಿಯುವ ಅಭ್ಯಾಸ ನವ್ಯನ್ಯಾಯವನ್ನು ಓದಿದವರಿಗೆ ಉಂಟು. ಅವಚ್ಛೇದಕವನ್ನು ಹೇಳದೆ ಒಂದು ಹೆಜ್ಜೆಯನ್ನೂ ಇಡದ ತಾರ್ಕಿಕನು ಗಣಿತದ ತರಗತಿಯಲ್ಲಿ ಕುಳಿತರೆ ಅನ್ಯನೆನಿಸಲಾರನು.

ಹುಡುಗಿಗೆ ಇದು ಒಮ್ಮೆಗೇ ತಿಳಿಯಲಿಲ್ಲ. ಪರೀಕ್ಷೆ ಹತ್ತಿರ ಬಂದಿತು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ತಿರುವಿಹಾಕಿದರೆ ಅವೇ ಪ್ರಮೇಯಗಳು ಮರಳಿ ಮರಳಿ ಬಂದಿರುವುದು ಕಾಣುತ್ತದೆ. ಪೇಟೆಯಲ್ಲಿ ಕೊಳ್ಳಸಿಗುವ ಗೈಡುಗಳಲ್ಲಿ ಅವುಗಳ ಸಾಧನೆಗಳು ಅಂದವಾಗಿ ಅಚ್ಚಾಗಿರುತ್ತವೆ. ಓದುವುದು, ಬಾಯಿಗೆ ತಂದುಕೊಳ್ಳುವುದು, ಬರೆದುಬರುವುದು. ಮೊದಲ ಸೆಮಿಸ್ಟರನ್ನು ಅವಳು ಹೀಗೆ ದಾಟಿದಳು. ಅಂಕಗಳು ಚೆನ್ನಾಗಿಯೇ ಬಂದವು. ಮನೆಯಲ್ಲಿ ಸಿಹಿ ಹಂಚಿದರು. ಆದರೆ ಆ ಸಿಹಿ ಅವಳ ಗಂಟಲಿನಲ್ಲಿ ಇಳಿಯಲಿಲ್ಲ. ಅಂಕಗಳು ಬಾರದವನ ದುಃಖವನ್ನು ಲೋಕ ಬಲ್ಲದು. ತನಗೆ ತಿಳಿಯದುದಕ್ಕೆ ಅಂಕಗಳು ಬಂದವನ ನಾಚಿಕೆಯನ್ನು ಅನುಭವಿಸಿದವನೇ ಬಲ್ಲ. ಅದನ್ನು ಹೇಳಿಕೊಂಡರೆ ಕೇಳಿದವರು ನಕ್ಕಾರು.

ಎರಡನೆಯ ಸೆಮಿಸ್ಟರಿನ ಪರೀಕ್ಷೆಯ ಹಿಂದಿನ ಸಂಜೆ ವಿದ್ಯುಚ್ಛಕ್ತಿ ನಿಂತು ಮಗ್ಗಗಳು ಸುಮ್ಮನಾದವು. ಹುಡುಗಿ ಮೇಣದ ಬತ್ತಿಯ ಬೆಳಕಿನಲ್ಲಿ ಒಂದು ಪ್ರಮೇಯವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಜಗಲಿಯಲ್ಲಿ ಕುಳಿತಿದ್ದ ತಾತ ಕಿವಿಗೊಟ್ಟು ಕೇಳಿದರು.

"ಅದೇನವ್ವ, ಮಂತ್ರ ಹೇಳ್ತಾ ಇದ್ದೀಯಾ?"

"ಮಂತ್ರ ಅಲ್ಲ ತಾತ, ಲೆಕ್ಕದ ಸಿದ್ಧಾಂತ. ನಾಳೆ ಬರೀಬೇಕು."

"ಹಂಗಾದ್ರೆ ಕೇಳ್ತೀನಿ, ಹೇಳು. ಅದರಾಗೆ ಯಾವ ಎಳೆ ಕಿತ್ತರೆ ಬಟ್ಟೆ ಬಿಚ್ಚಿಕೊಳ್ತದೆ?"

ಹುಡುಗಿಗೆ ಉತ್ತರ ಹೊಳೆಯಲಿಲ್ಲ. ತಾತ ಮುಂದಕ್ಕೆ ಏನನ್ನೂ ಕೇಳಲಿಲ್ಲ. ಅವರಿಗೆ ಅದು ತೀರ ಸಾಮಾನ್ಯವಾದ ಪ್ರಶ್ನೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಮಗ್ಗ ಓಡಿಸುವುದು ಬಂದರೆ ಸಾಲದು, ಎಳೆ ಕಡಿದಾಗ ಎಲ್ಲಿ ಕಡಿಯಿತೆಂದು ಹುಡುಕುವುದಕ್ಕೆ ಬರಬೇಕು. ಆಗಲೇ ಅವನು ನೇಕಾರ. ಅದುವರೆಗೆ ಅವನು ಮಗ್ಗದ ಕಾವಲುಗಾರ.

ಆ ಪ್ರಮೇಯದ ತಾತ್ಪರ್ಯ ಇಷ್ಟು: ಎರಡು ಕೊನೆಗಳನ್ನೂ ಒಳಗೊಂಡ ಅಂತರದ ಮೇಲೆ ಕಡಿಯದೆ ಸಾಗುವ ಉತ್ಪನ್ನವು ತನ್ನ ಗರಿಷ್ಠ ಬೆಲೆಯನ್ನು ಎಲ್ಲಿಯಾದರೂ ಒಂದು ಕಡೆ ಪಡೆದೇ ಪಡೆಯುತ್ತದೆ. ಪರೀಕ್ಷೆ ಮುಗಿದ ಮರುದಿನ ಹುಡುಗಿ ಒಂದು ಎಳೆಯನ್ನು ಕಿತ್ತು ನೋಡಿದಳು. 'ಎರಡು ಕೊನೆಗಳನ್ನೂ ಒಳಗೊಂಡ' ಎಂಬ ಮಾತನ್ನು ತೆಗೆದರೆ ಏನಾಗುತ್ತದೆ? ಒಂದಕ್ಕಿಂತ ಕಡಮೆಯಾದ ಸಂಖ್ಯೆಗಳನ್ನು ಮಾತ್ರ ತೆಗೆದುಕೊಂಡು, ಅವುಗಳಲ್ಲಿ ಅತ್ಯಂತ ದೊಡ್ಡದು ಯಾವುದೆಂದು ಹುಡುಕಿದಳು. 0.9 ಎಂದರೆ 0.99 ಅದಕ್ಕಿಂತ ದೊಡ್ಡದು; 0.99 ಎಂದರೆ 0.999 ದೊಡ್ಡದು. ಯಾವುದನ್ನು ಹೆಸರಿಸಿದರೂ ಅದಕ್ಕೂ ಒಂದಕ್ಕೂ ನಡುವೆ ಇನ್ನೊಂದು ಕುಳಿತಿರುತ್ತದೆ. ಅತ್ಯಂತ ದೊಡ್ಡದು ಎಂಬುದೇ ಅಲ್ಲಿ ಇಲ್ಲ. ಒಂದೇ ಒಂದು ಬಿಂದು, ಕೊನೆಯ ಆ ಬಿಂದು ಹೋದದ್ದಕ್ಕೆ ಪ್ರಮೇಯವೆಲ್ಲ ಬಿಚ್ಚಿಕೊಂಡಿತು. ಬಾಯಿಪಾಠದ ಸಾಲುಗಳಲ್ಲಿ ಆ ಬಿಂದುವನ್ನು ಉಪಯೋಗಿಸಿದ ಸ್ಥಳ ಯಾವುದೆಂದು ಹುಡುಕಿದಾಗ ಅದು ಐದನೆಯ ಸಾಲಿನಲ್ಲಿ ಸಿಕ್ಕಿತು. ಅಷ್ಟು ಸಲ ಹೇಳಿದ್ದರೂ ಆ ಸಾಲು ಅಲ್ಲಿ ಏಕಿದೆಯೆಂದು ಅವಳು ನೋಡಿರಲಿಲ್ಲ. ಅಂದಿನಿಂದ ಪ್ರತಿಯೊಂದು ಪ್ರಮೇಯವನ್ನೂ ಅವಳು ಹೀಗೆ ಒಂದೊಂದೇ ಎಳೆ ಕಿತ್ತು ಓದತೊಡಗಿದಳು. ಇದರಿಂದ ವೇಳೆ ಹೆಚ್ಚು ಹಿಡಿಯಿತು. ಮುಂದಿನ ಪರೀಕ್ಷೆಯಲ್ಲಿ ಅಂಕಗಳು ಇಳಿದವು. ಮನೆಯಲ್ಲಿ ತಂದೆ ಕೇಳಿದಾಗ, 'ಈ ಸಲ ತಿಳಿದಿದೆ ಅಪ್ಪ' ಎಂದಷ್ಟೇ ಹೇಳಿದಳು. ಆತನಿಗೆ ಆ ಮಾತು ಅರ್ಥವಾಗಲಿಲ್ಲ. ಮಗಳು ಮೊದಲ ಸಲ ಹಗುರಾಗಿ ಮಾತಾಡಿದಳೆಂಬುದು ಮಾತ್ರ ಅರ್ಥವಾಯಿತು.

ಇಷ್ಟರಿಂದ ಕಂಠಪಾಠವನ್ನು ಹಳಿಯುವುದು ಸರಿಯಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಎಂಟು ವರ್ಷದ ಮಕ್ಕಳು ಅಮರಕೋಶವನ್ನೂ ಶಬ್ದರೂಪಗಳನ್ನೂ ಅರ್ಥವರಿಯದೆಯೇ ಬಾಯಿಗೆ ತಂದುಕೊಳ್ಳುತ್ತಾರೆ. ದೊಡ್ಡವರಾದಮೇಲೆ ಅವು ಕೈಗೆ ಬಂದ ಆಯುಧಗಳಾಗುತ್ತವೆ. ಗಣಿತದಲ್ಲಿಯೂ ಬಾಯಿಗೆ ಬರಲೇಬೇಕಾದ ಒಂದು ಭಾಗ ಉಂಟು, ಅದು ವ್ಯಾಖ್ಯೆ. ಸೂತ್ರದಂತೆ ಅದರಲ್ಲಿ ಒಂದಕ್ಷರ ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಸ್ವಂತ ಮಾತಿನಲ್ಲಿ ಹೇಳುತ್ತೇನೆಂದು ಹೊರಟರೆ ಮೇಲೆ ಹೇಳಿದ ಬಾವಿಯ ಗತಿಯಾಗುತ್ತದೆ. ಸಾಧನೆ ಮಾತ್ರ ಹಾಗಲ್ಲ. ಅದನ್ನು ಪ್ರತಿಸಲವೂ ಹೊಸದಾಗಿ ನೇಯಬೇಕು. ವ್ಯಾಖ್ಯೆಯನ್ನು ಸಡಿಲವಾಗಿ ತಿಳಿದು ಸಾಧನೆಯನ್ನು ಅಕ್ಷರಶಃ ಒಪ್ಪಿಸುವುದು ಇಂದಿನ ಪರೀಕ್ಷೆಗಳು ಬೆಳೆಸಿದ ಅಭ್ಯಾಸ. ನಿಜವಾದ ವ್ಯಾಸಂಗ ಇದಕ್ಕೆ ತೀರ ವಿರುದ್ಧವಾದುದು. 1993ರಲ್ಲಿ ಆರಂಭವಾದ ಎಂ.ಟಿ.ಟಿ.ಎಸ್. ಎಂಬ ಬೇಸಗೆಯ ಗಣಿತಶಿಬಿರಗಳಲ್ಲಿ ಅಧ್ಯಾಪಕರು ಉಪನ್ಯಾಸಕ್ಕಿಂತ ಹೆಚ್ಚಾಗಿ ಪ್ರಶ್ನೆಗಳನ್ನು ಕೇಳಿ, ವಿದ್ಯಾರ್ಥಿಗಳ ಬಾಯಿಂದಲೇ ಸಾಧನೆಯನ್ನು ಹೊರಡಿಸುವ ಪದ್ಧತಿಯನ್ನು ಇಟ್ಟುಕೊಂಡದ್ದು ಈ ಕೊರತೆಯನ್ನು ಕಂಡೇ.

ಕಾಲೇಜಿನಲ್ಲಿ ಗಣಿತಕ್ಕೂ ಒಂದು ಪ್ರಯೋಗಶಾಲೆ ಇತ್ತು. ಹಿಂದಿನ ತಲೆಯವರಿಗೆ ಇದು ಸೋಜಿಗವಾದೀತು. ಅಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಸೈಲ್ಯಾಬ್, ಮ್ಯಾಕ್ಸಿಮಾ ಎಂಬ ತಂತ್ರಾಂಶಗಳಿಂದ ವಕ್ರರೇಖೆಗಳನ್ನು ಎಳೆಯಿಸುತ್ತಾರೆ, ಸಮೀಕರಣಗಳನ್ನು ಬಿಡಿಸುತ್ತಾರೆ. ಯಂತ್ರವೇ ಎಲ್ಲವನ್ನೂ ಮಾಡುವುದಾದರೆ ಸಾಧನೆಯ ತೊಂದರೆ ಏಕೆ ಎಂದು ಹುಡುಗಿಗೂ ತೋರಿತ್ತು. ಒಂದು ದಿನ ಆಯ್ಲರನ ಹೆಸರಿನ ಒಂದು ಪ್ರಸಿದ್ಧ ಲೆಕ್ಕವನ್ನು ಅವರಿಗೆ ಕೊಟ್ಟರು. ಒಂದು ಸಂಖ್ಯೆಯನ್ನು ತೆಗೆದುಕೊಂಡು, ಅದರ ವರ್ಗಕ್ಕೆ ಅದನ್ನೇ ಕೂಡಿಸಿ, ಮೇಲೆ 41ನ್ನು ಸೇರಿಸಬೇಕು. ಸೊನ್ನೆಗೆ 41 ಬರುತ್ತದೆ, ಒಂದಕ್ಕೆ 43, ಎರಡಕ್ಕೆ 47, ಮೂರಕ್ಕೆ 53, ಎಲ್ಲವೂ ಅವಿಭಾಜ್ಯಗಳು. ಯಂತ್ರ 39ರವರೆಗೆ ಓಡಿತು. ನಲವತ್ತು ಸಲವೂ ಅವಿಭಾಜ್ಯವೇ ಬಂದಿತು. ನಲವತ್ತು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನ್ಯಾಯಾಲಯ ನಂಬುತ್ತದೆ. ಆದರೆ 40ನ್ನು ಹಾಕಿದೊಡನೆ 1681 ಬಂದಿತು; ಅದು 41ರ ವರ್ಗ. ಹೊಗೆಯನ್ನೂ ಬೆಂಕಿಯನ್ನೂ ಎಷ್ಟು ಸಲ ಒಟ್ಟಿಗೆ ಕಂಡರೆ ವ್ಯಾಪ್ತಿ ನಿಶ್ಚಯವಾಗುತ್ತದೆ, ಭೂಯೋದರ್ಶನ ಸಾಕೆ ಸಾಲದೆ ಎಂದು ತಾರ್ಕಿಕರು ಶತಮಾನಗಳ ಕಾಲ ವಾದಿಸಿದರು. ಗಣಿತದ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ: ಸಾಲದು.

ಎರಡನೆಯ ವರ್ಷದಲ್ಲಿ ಗ್ರೂಪ್ ಎಂಬ ವಿಷಯ ಬಂದಿತು. ಒಂದು ವಸ್ತುವನ್ನು ಸರಿಸಿದರೂ ತಿರುಗಿಸಿದರೂ ಕನ್ನಡಿಯಲ್ಲಿ ಹಿಡಿದರೂ ಅದು ಮೊದಲಿನಂತೆಯೇ ಕಾಣುವುದಾದರೆ, ಆ ಸರಿಸುವಿಕೆ ತಿರುಗಿಸುವಿಕೆಗಳೆಲ್ಲ ಕೂಡಿ ಒಂದು ಗ್ರೂಪಾಗುತ್ತವೆ. ಪಠ್ಯದಲ್ಲಿ ಇದರ ಅಕ್ಷರಗಳೂ ಚಿಹ್ನೆಗಳೂ ಮಾತ್ರ ಇದ್ದವು. ಗ್ರಂಥಾಲಯದಲ್ಲಿ ಸಿಕ್ಕಿದ ಪಠ್ಯವಲ್ಲದ ಪುಸ್ತಕವೊಂದರಲ್ಲಿ ಪಟ್ಟೆಯಂತೆ ಎರಡು ಕಡೆಗೂ ಸಾಗುವ ಅಲಂಕಾರಗಳ ಚಿತ್ರಗಳಿದ್ದವು. ಒಂದೇ ಆಕಾರ ಮರಳಿ ಮರಳಿ ಬರುವ ಪಟ್ಟೆ ಎಷ್ಟೇ ವಿಧವಾಗಿ ಕಂಡರೂ, ಅದರ ಹೊಂದಾಣಿಕೆಯ ಕ್ರಮವನ್ನು ನೋಡಿದರೆ ಏಳೇ ಬಗೆ. ಬರಿಯ ಸರಿಯುವಿಕೆ ಒಂದು. ಸರಿದು ಮಗುಚುವುದು, ಹೆಜ್ಜೆಯ ಗುರುತಿನಂತೆ, ಎರಡು. ನಿಂತ ಕನ್ನಡಿ ಮೂರು. ಮಲಗಿದ ಕನ್ನಡಿ ನಾಲ್ಕು. ಅರ್ಧ ಸುತ್ತು ಐದು. ನಿಂತ ಕನ್ನಡಿಯೂ ಅರ್ಧ ಸುತ್ತೂ ಸರಿದು ಮಗುಚುವುದೂ ಕೂಡಿದ್ದು ಆರು. ಎರಡು ಕನ್ನಡಿಗಳೂ ಉಳಿದೆಲ್ಲವೂ ಕೂಡಿದ್ದು ಏಳು. ಎಂಟನೆಯದು ಇಲ್ಲ.

ಹುಡುಗಿ ಪುಸ್ತಕವನ್ನು ಮುಚ್ಚಿದಳು. ಪಟ್ಟೆ ಎಂದರೆ ಸೀರೆಯ ಅಂಚು. ಅವಳು ಹುಟ್ಟಿದಂದಿನಿಂದ ನೋಡಿದ್ದು ಅದನ್ನೇ.

ಅಂದು ಸಂಜೆ ಪೆಟ್ಟಿಗೆಯಲ್ಲಿದ್ದ ಹಳೆಯ ಸೀರೆಗಳನ್ನೂ ಮಗ್ಗದ ಮೇಲಿದ್ದ ಹೊಸ ಸೀರೆಗಳನ್ನೂ ನೋಡುತ್ತ ಕುಳಿತಳು. ಬಳ್ಳಿಯ ಅಂಚು, ಹಂಸದ ಅಂಚು, ಗೋಪುರದ ಅಂಚು, ರುದ್ರಾಕ್ಷಿಯ ಅಂಚು. ಒಂದೊಂದನ್ನೂ ಕಾಗದದಲ್ಲಿ ಬರೆದು, ಏಳರಲ್ಲಿ ಯಾವ ಮನೆಗೆ ಸೇರಿತೆಂದು ಗುರುತು ಹಾಕಿದಳು. ತಾತ ಬಂದು ಬಗ್ಗಿ ನೋಡಿದರು. ವಿಷಯವನ್ನು ತಿಳಿದು ಮೊದಲು ನಕ್ಕರು.

"ಏಳೇ ಅಂತ ಯಾರಂದ್ರು? ಐವತ್ತು ವರ್ಷ ನೇಯ್ದಿದೀನಿ. ಎಂಟನೇದು ನಾನು ತೋರಿಸ್ತೀನಿ."

"ತೋರಿಸಿ ತಾತ."

ಜಕಾರ್ಡ್ ಮಗ್ಗಕ್ಕೆ ನಕ್ಷೆ ಬರೆಯುವ ಚೌಕುಳಿ ಕಾಗದ ಆ ಮನೆಯಲ್ಲಿ ಬೇಕಾದಷ್ಟಿತ್ತು. 1804ರಲ್ಲಿ ಫ್ರಾನ್ಸಿನ ಜಕಾರನು ತೂತುಗಳಿರುವ ರಟ್ಟುಗಳಿಂದ ಎಳೆಗಳನ್ನು ಎತ್ತುವ ಉಪಾಯವನ್ನು ಕಂಡುಹಿಡಿದನೆಂದೂ, ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣಕಯಂತ್ರಕ್ಕೆ ಅದೇ ರಟ್ಟುಗಳನ್ನು ಯೋಜಿಸಿದನೆಂದೂ, ಅಪ್ಪನ ಮಗ್ಗಕ್ಕೂ ಕಾಲೇಜಿನ ಕಂಪ್ಯೂಟರಿಗೂ ಹೀಗೆ ನಂಟುಂಟೆಂದೂ ಹುಡುಗಿ ಹೇಳಿದಳು. ತಾತನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅವರು ಕನ್ನಡಕವನ್ನು ಏರಿಸಿಕೊಂಡು ಎಂಟನೆಯ ಅಂಚನ್ನು ಬರೆಯತೊಡಗಿದ್ದರು. ನಾಲ್ಕು ದಿನ ಬರೆದರು. ದಿನಕ್ಕೊಂದು ಅಂಚನ್ನು ತಂದು ಮೊಮ್ಮಗಳ ಮುಂದಿಟ್ಟರು. ಅವಳು ನೋಡಿ, ಇದು ಮೂರನೆಯದು, ಇದು ಆರನೆಯದು ಎಂದು, ಕನ್ನಡಿ ಎಲ್ಲಿ ನಿಲ್ಲುತ್ತದೆ, ಸುತ್ತಿನ ನಡು ಎಲ್ಲಿದೆ ಎಂಬುದನ್ನು ಬೆರಳಿಟ್ಟು ತೋರಿಸಿದಳು. ಒಂದು ಅಂಚಿನಲ್ಲಿ ಅವರು ನಿಂತ ಕನ್ನಡಿಯನ್ನೂ ಸರಿದು ಮಗುಚುವುದನ್ನೂ ಇಟ್ಟು, ಅರ್ಧ ಸುತ್ತು ಬಾರದಂತೆ ತಪ್ಪಿಸಲು ಬಹಳವಾಗಿ ಯತ್ನಿಸಿದ್ದರು. ಬೇಡವೆಂದರೂ ಅರ್ಧ ಸುತ್ತು ತಾನಾಗಿ ಬಂದು ಕುಳಿತಿತ್ತು. ಅದನ್ನು ತೋರಿಸಿದಾಗ ಅವರು ಬಹಳ ಹೊತ್ತು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಪ್ರಪಂಚದಾಗಿರೋ ಅಂಚನ್ನೆಲ್ಲ ಅವರು ನೋಡಿದಾರಾ?"

"ಒಂದನ್ನೂ ನೋಡಬೇಕಾಗಿಲ್ಲ ತಾತ. ಎರಡು ಸೇರಿದರೆ ಮೂರನೇದು ಬರಲೇಬೇಕು, ನಿಮಗೆ ಬಂತಲ್ಲ ಹಾಗೆ. ಅಷ್ಟರಿಂದಲೇ ಏಳಕ್ಕೆ ನಿಲ್ಲುತ್ತೆ."

"ಇನ್ನು ಮುಂದೆ ಹುಟ್ಟೋ ನೇಕಾರನಿಗೂ ಆಗಲ್ವಾ?"

"ಯಾರಿಗೂ ಆಗಲ್ಲ."

ತಾತ ಮಾತನಾಡದೆ ಎದ್ದುಹೋದರು. ಮರುದಿನ ಆ ನಾಲ್ಕು ಕಾಗದಗಳನ್ನೂ ದೇವರ ಮನೆಯ ಗೂಡಿನಲ್ಲಿ ಮಡಿಸಿಟ್ಟಿದ್ದನ್ನು ಹುಡುಗಿ ಕಂಡಳು.

ಮೂರನೆಯ ವರ್ಷ ಮುಗಿಯುತ್ತ ಬಂದಂತೆ ಮನೆಯಲ್ಲಿ ಬೇರೆ ಲೆಕ್ಕಗಳು ಏಳತೊಡಗಿದವು. ರೇಷ್ಮೆಯ ನೂಲಿನ ಬೆಲೆ ಒಂದು ತಿಂಗಳಿದ್ದಂತೆ ಮತ್ತೊಂದು ತಿಂಗಳಿಲ್ಲ. ನಾಲ್ಕು ಮಗ್ಗಗಳಲ್ಲಿ ಎರಡು ನಿಂತಿದ್ದವು. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ಬೀದಿಯ ಹುಡುಗಿಯರು ಬೆಳಗ್ಗೆ ಬಸ್ಸು ಹತ್ತುತ್ತಿದ್ದರು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣ ಆದಮೇಲೆ ಆ ಕಡೆಯ ಕೆಲಸಕ್ಕೂ ಹೋಗುವವರಿದ್ದರು. ಪದವಿಯನ್ನು ಪಡೆದ ಹುಡುಗಿ ಸಂಬಳ ತರಬೇಕೆಂದು ತಂದೆ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿರುವುದಕ್ಕಾಗಿ ಆತ ಪಡುತ್ತಿದ್ದ ಶ್ರಮ ಮನೆಯವರಿಗೆಲ್ಲ ಕಾಣುತ್ತಿತ್ತು. ಎಂ.ಎಸ್‌ಸಿ. ಎಂದರೆ ಇನ್ನೂ ಎರಡು ವರ್ಷ. ಅದರಾಚೆಗೆ ಅಧ್ಯಾಪಕ ವೃತ್ತಿಗೆ ಮತ್ತೊಂದು ಪರೀಕ್ಷೆ. ಸಂಶೋಧನೆಯೆಂದರೆ ಮತ್ತೆ ಐದಾರು ವರ್ಷ. ಗಣಿತದ ಪದವೀಧರರಲ್ಲಿ ಬಹುಮಂದಿ ಬ್ಯಾಂಕಿಗೋ, ಕಂಪ್ಯೂಟರ್ ಕಂಪನಿಗೋ, ಬಿ.ಎಡ್. ಮಾಡಿ ಶಾಲೆಗೋ ಹೋಗುತ್ತಾರೆ. ಅವು ಗೌರವದ ಉದ್ಯೋಗಗಳೇ. ಆದರೆ ಕಡಿದ ಎಳೆಯನ್ನು ಹುಡುಕುವ ರುಚಿ ಒಮ್ಮೆ ಹತ್ತಿದವರಿಗೆ ಅದನ್ನು ನಡುವೆ ಬಿಟ್ಟುಬರುವುದು ಸುಲಭವಲ್ಲ.

ಕೊನೆಗೆ ಆದದ್ದು ಎರಡರ ನಡುವಣ ದಾರಿ. ಹುಡುಗಿ ಎಂ.ಎಸ್‌ಸಿ. ತರಗತಿಗೆ ಸೇರಿದಳು, ಬೆಳಗ್ಗೆ ಸಂಜೆ ಬೀದಿಯ ಹತ್ತಾರು ಮಕ್ಕಳಿಗೆ ಆ ಹಳೆಯ ಮೇಜಿನ ಸುತ್ತ ಪಾಠ ಹೇಳತೊಡಗಿದಳು. ಬಂದ ಹಣದಲ್ಲಿ ಬಸ್ಸಿನ ಖರ್ಚು ಕಳೆದು ಉಳಿದದ್ದು ಮನೆಗೆ. ಪಾಠವನ್ನು ಅವಳು ಕನ್ನಡದಲ್ಲಿಯೇ ಹೇಳುತ್ತಾಳೆ. ಇಂಗ್ಲಿಷಿನ ಮಾತನ್ನು ಪಕ್ಕದಲ್ಲಿ ಬರೆಸುತ್ತಾಳೆ. ತಾನು ತಲೆದೂಗಿದಂತೆ ಯಾರಾದರೂ ಸುಮ್ಮನೆ ತಲೆದೂಗಿದರೆ ಪಾಠವನ್ನು ಅಲ್ಲಿಯೇ ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ. ನಿಂತ ಎರಡು ಮಗ್ಗಗಳಲ್ಲಿ ಒಂದು ಮತ್ತೆ ಓಡುತ್ತಿದೆ, ಇನ್ನೊಂದನ್ನು ಮಾರಿದರು. ಎರಡು ವರ್ಷದ ಮೇಲೆ ಏನಾಗುವುದೆಂದು ಆ ಮನೆಯಲ್ಲಿ ಯಾರಿಗೂ ತಿಳಿಯದು.

ಬೀದಿಯವರು ಪ್ರಶ್ನೆಯನ್ನು ಬಿಟ್ಟಿಲ್ಲ. ಹುಡುಗಿಯನ್ನು ಕೇಳುವುದನ್ನು ಬಿಟ್ಟು ತಾತನನ್ನು ಕೇಳುತ್ತಾರೆ. ಒಂದು ದಿನ ಜಗಲಿಯ ಮೇಲೆ ಕುಳಿತ ನೆಂಟರೊಬ್ಬರು, "ಅಷ್ಟು ವರ್ಷ ಲೆಕ್ಕ ಓದಿಸಿದಿರಲ್ಲ ಯಜಮಾನರೆ, ಅದರಿಂದ ಏನು ಸಿಕ್ತು?" ಎಂದರು. ತಾತ ಎಲೆಯಡಿಕೆಯನ್ನು ಬಾಯಿಯ ಒಂದು ಪಕ್ಕಕ್ಕೆ ಸರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳಿದರು:

"ಎಂಟನೇ ಅಂಚು ಇಲ್ಲ ಅಂತ ಗೊತ್ತಾಯ್ತು."